ಒಂದೇ ಎಚ್ಚರಿಕೆ, ಒಬ್ಬೊಬ್ಬರು ಒಂದೊಂದು ಥರ ಯಾಕೆ ಕೇಳಿಸಿಕೊಳ್ಳುತ್ತಾರೆ?

ಮಳೆಲೆಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಹವಾಮಾನ ಬದಲಾವಣೆಗೆ ಬೇರೆ ಬೇರೆ ಪ್ರದೇಶದ ಜನ ಹೇಗೆ ಸ್ಪಂದಿಸುತ್ತಾರೆ ಅಂತ ನಾನು ಎಂ.ಎಸ್ಸಿ. ಪ್ರಬಂಧ ಬರೆಯುತ್ತಿದ್ದೇನೆ. ಪ್ರವಾಹ ಮತ್ತು ಚಂಡಮಾರುತ ನನ್ನ ಭಾಗ. ಅದರಲ್ಲಿ ಆಯಾ ಪ್ರದೇಶದ ಸಂಸ್ಕೃತಿ, ಇತಿಹಾಸಕ್ಕೆ ಒಂದು ಅಧ್ಯಾಯ ಇಡಬೇಕು ಅಂದುಕೊಂಡಿದ್ದೆ. ನಮ್ಮ ಗೈಡ್ ಬೇಡ ಅನ್ನುತ್ತಾರೆ. ಅದೆಲ್ಲ ಅಳತೆಗೆ ಸಿಗದ ಮಾತಂತೆ. ತಲಾ ಆದಾಯ ಹಾಕು, ಸಮುದ್ರಮಟ್ಟದಿಂದ ಎಷ್ಟು ಎತ್ತರ ಹಾಕು, ಒಡ್ಡಿನ ಉದ್ದ ಹಾಕು, ಅಲ್ಲಿಗೆ ಮುಗಿಯಿತು ಅನ್ನುತ್ತಾರೆ.

ನನಗೆ ಅಲ್ಲಿಗೆ ಮುಗಿಯುತ್ತದೆ ಅನ್ನಿಸುತ್ತಿಲ್ಲ. ಬಂಗಾಳ ಕೊಲ್ಲಿಯನ್ನೇ ತೆಗೆದುಕೊಳ್ಳಿ. 1970ರ ಭೋಲಾ ಚಂಡಮಾರುತದಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು. 2020ರಲ್ಲಿ ಅಂಫಾನ್ ಬಂದಾಗ ಅದೇ ದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಿತು. ಸಾವಿನ ಸಂಖ್ಯೆ ಎರಡಂಕಿ ದಾಟಲಿಲ್ಲ. ಇವೆರಡರ ನಡುವೆ, 2008ರಲ್ಲಿ, ಅದೇ ಕೊಲ್ಲಿಯ ಇನ್ನೊಂದು ಮಗ್ಗುಲಿಗೆ ನರ್ಗಿಸ್ ಬಡಿಯಿತು. ಮ್ಯಾನ್ಮಾರ್‌ನಲ್ಲಿ ಸತ್ತವರು, ಕಾಣೆಯಾದವರು ಸೇರಿ ಸುಮಾರು 1.38 ಲಕ್ಷ. ಎರಡೂ ಬಡ ದೇಶಗಳೇ. ಎರಡೂ ಕಡೆ ನದಿ ಸಮುದ್ರ ಸೇರುವ ತಗ್ಗು ನೆಲವೇ. ಗೈಡ್ ಹೇಳಿದ ಮೂರು ಅಂಕಣ ತುಂಬಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಆದರೆ "ಸಂಸ್ಕೃತಿ" ಅಂತ ಸುಮ್ನೆ ಬರೆದರೆ ಯಾರೂ ಒಪ್ಪಲ್ಲ. ಅದನ್ನು ಎಲ್ಲಿ ಹುಡುಕಬೇಕು? ಹಬ್ಬ, ನಂಬಿಕೆ, ಹಾಡುಗಳಲ್ಲೋ, ಬೇರೆ ಎಲ್ಲೋ? ಈ ಕೆಲಸದಲ್ಲಿ ಕೈ ಆಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಅಡ್ಡಮಾತು

ನಿಮ್ಮ ಗೈಡ್ ಹೇಳಿದ್ದರಲ್ಲಿ ತಪ್ಪೇನಿಲ್ಲ ಕಣ್ರೀ. ದುಡ್ಡಿದ್ದವರು ಗೋಡೆ ಕಟ್ಟುತ್ತಾರೆ, ಇಲ್ಲದವರು ಮುಳುಗುತ್ತಾರೆ. ನೆದರ್‌ಲೆಂಡ್ಸ್ ನೋಡಿ. ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಅದಕ್ಕೆ ಕಾರಣ ಕಾಂಕ್ರೀಟು.

ನನಗೆ ಇನ್ನೊಂದು ಭಯವೂ ಇದೆ. ಜನರ ಸಂಸ್ಕೃತಿಯ ಮೇಲೆ ಹೊರೆ ಹಾಕುವುದು ಬಹಳ ಸಲ ಸರ್ಕಾರಗಳು ಜಾರಿಕೊಳ್ಳುವ ದಾರಿ. ನಾವು ಎಚ್ಚರಿಕೆ ಕೊಟ್ಟೆವು, ಜನ ಹಣೆಬರಹ ಅಂತ ಕೂತರು, ನಾವೇನು ಮಾಡೋಣ ಅಂದುಬಿಡುತ್ತಾರೆ. ಹೊರಡಲು ಬಸ್ಸೇ ಇರಲಿಲ್ಲ ಅನ್ನುವ ಮಾತು ವರದಿಯಲ್ಲಿ ಬರುವುದೇ ಇಲ್ಲ. ಅಧ್ಯಾಯ ಬರೆಯುವುದಾದರೆ ಈ ಹಳ್ಳಕ್ಕೆ ಬೀಳಬೇಡಿ.

ಹಳೇಒಡ್ಡು

ಅಡ್ಡಮಾತು ಅವರ ಎರಡನೇ ಪ್ಯಾರಾಗೆ ನನ್ನ ಪೂರ್ತಿ ಒಪ್ಪಿಗೆ. ಮೊದಲನೆಯದಕ್ಕೆ ಇಲ್ಲ. ನೆದರ್‌ಲೆಂಡ್ಸ್ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು, ಯಾಕಂದರೆ ಅವರ ವಾದ ನಿಲ್ಲದೆ ಹೋಗುವುದು ಅಲ್ಲೇ.

ನಾನು ಒಡ್ಡು, ಕಾಲುವೆ, ತೂಬು ಅಂತಲೇ ನೌಕರಿ ಕಳೆದ ಸಿವಿಲ್ ಎಂಜಿನಿಯರ್. ಈಗ ನಿವೃತ್ತ. ನಡುವೆ ಕೆಲವು ವರ್ಷ ಆ ದೇಶದಲ್ಲೂ ಕೆಲಸ ಮಾಡಿದೆ. ಹೋದ ಹೊಸದರಲ್ಲಿ ಬಾಡಿಗೆ ಮನೆಯ ವಿಳಾಸಕ್ಕೆ ಒಂದು ತೆರಿಗೆ ಕಾಗದ ಬಂತು. ಕಳಿಸಿದ್ದು ಕೇಂದ್ರ ಸರ್ಕಾರವೂ ಅಲ್ಲ, ನಗರಸಭೆಯೂ ಅಲ್ಲ. ನೀರಿನ ಮಂಡಳಿ. ಒಡ್ಡು, ಕಾಲುವೆ, ಪಂಪು, ಕೊಳಚೆ ನೀರಿನ ಶುದ್ಧೀಕರಣ, ಇಷ್ಟೇ ಅದರ ಕೆಲಸ. ಅದಕ್ಕೆ ಅದರದ್ದೇ ಚುನಾವಣೆ, ಅದರದ್ದೇ ತೆರಿಗೆ. ಸ್ವಂತ ಮನೆ ಇರಲಿ, ಬಾಡಿಗೆ ಮನೆ ಇರಲಿ, ಆ ಪ್ರದೇಶದಲ್ಲಿ ಇದ್ದೀರಿ ಅಂದರೆ ಕಟ್ಟಬೇಕು. ಇಂಥ 21 ಮಂಡಳಿಗಳಿವೆ. ಕೆಲವಕ್ಕೆ 13ನೇ ಶತಮಾನದ ಬೇರಿದೆ. ನೆದರ್‌ಲೆಂಡ್ಸ್ ಅನ್ನುವ ದೇಶ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಡ್ಡಿನ ಲೆಕ್ಕಪತ್ರ ಹುಟ್ಟಿತ್ತು. ಕಾಂಕ್ರೀಟು ಬಂದದ್ದು ನಿನ್ನೆ ಮೊನ್ನೆ.

ಹಳೆಯ ಕಾಲದಲ್ಲಿ ಉತ್ತರ ಸಮುದ್ರದ ಆ ಕರಾವಳಿಯುದ್ದಕ್ಕೂ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಡ್ಡನ್ನು ತುಂಡು ತುಂಡಾಗಿ ಜಮೀನುದಾರರಿಗೆ ಹಂಚಿರುತ್ತಿದ್ದರು. ನಿನ್ನ ಪಾಲಿನ ತುಂಡನ್ನು ನೀನೇ ರಿಪೇರಿ ಮಾಡಬೇಕು. ವರ್ಷಕ್ಕೆ ಇಷ್ಟು ಸಲ ಅಂತ ತಪಾಸಣೆ ಇರುತ್ತಿತ್ತು. ಮಾಡಲು ಕೈಲಾಗದವನು ತನ್ನ ಗುದ್ದಲಿಯನ್ನು ಒಡ್ಡಿಗೆ ಚುಚ್ಚಿ ಹೊರಟುಬಿಡಬೇಕಿತ್ತು. ಆ ಗುದ್ದಲಿಯನ್ನು ಯಾರು ಕಿತ್ತುಕೊಳ್ಳುತ್ತಾರೋ ಅವರಿಗೆ ಆ ಜಮೀನು, ಜೊತೆಗೆ ಆ ತುಂಡಿನ ಹೊಣೆ. ನೋಡಿ, ಇಲ್ಲಿ ಭಾವನೆ, ಭಜನೆ ಏನೂ ಇಲ್ಲ. ನಿನ್ನ ಒಬ್ಬನ ಸೋಮಾರಿತನದಿಂದ ನೂರು ಮನೆ ಮುಳುಗುತ್ತದೆ ಅನ್ನುವುದನ್ನು ಜಮೀನಿನ ಹಕ್ಕಿನೊಳಗೇ ಹೊಲಿದುಬಿಟ್ಟಿದ್ದಾರೆ. ನೀವು ಹುಡುಕುತ್ತಿರುವ ಸಂಸ್ಕೃತಿ ನನಗೆ ಸಿಕ್ಕಿದ್ದು ಇಂಥ ಕಡೆ. ಹಾಡಿನಲ್ಲಿ ಇದ್ದರೂ ಇರಬಹುದು, ನನಗೆ ಹಾಡು ಅಷ್ಟು ತಿಳಿಯದು.

ಈಗ ಅಡ್ಡಮಾತು ಅವರಿಗೆ ನೇರ ಉತ್ತರ. ಒಂದೇ ದೇಶ, ಒಂದೇ ಖಜಾನೆ, ಒಂದೇ ಕಾಲೇಜುಗಳಲ್ಲಿ ಓದಿದ ಎಂಜಿನಿಯರುಗಳು. ಆದರೂ ಎರಡು ಜಾಗದಲ್ಲಿ ಜನ ತದ್ವಿರುದ್ಧವಾಗಿ ನಡೆದುಕೊಂಡರು.

ಮೊದಲನೆಯದು ಓವರ್‌ಡೀಪ್ಸೆ ಪೋಲ್ಡರ್. ಪೋಲ್ಡರ್ ಅಂದರೆ ಸುತ್ತ ಒಡ್ಡು ಕಟ್ಟಿ, ನೀರು ಹೊರಹಾಕಿ ಮಾಡಿಕೊಂಡ ನೆಲ. 1993ರಲ್ಲಿ, ಮತ್ತೆ 1995ರಲ್ಲಿ ನದಿಗಳು ಉಕ್ಕಿದವು. 1995ರಲ್ಲಿ ಸುಮಾರು 2.5 ಲಕ್ಷ ಜನ ಮನೆ ಬಿಡಬೇಕಾಯಿತು. ಒಡ್ಡನ್ನು ಇನ್ನೂ ಎತ್ತರ ಮಾಡುತ್ತಾ ಹೋದರೆ ಕೊನೆ ಎಲ್ಲಿ ಅಂತ ಯೋಚನೆ ಶುರುವಾಯಿತು. ನದಿಗೇ ಜಾಗ ಬಿಟ್ಟುಕೊಡೋಣ ಅಂತ 30ಕ್ಕೂ ಹೆಚ್ಚು ಕಡೆ ಕೆಲಸ ಕೈಗೆತ್ತಿಕೊಂಡರು. ಓವರ್‌ಡೀಪ್ಸೆಯಲ್ಲಿ ಡೈರಿ ರೈತರಿದ್ದರು. ಅಧಿಕಾರಿಗಳು ಯೋಜನೆ ಹಿಡಿದು ಬರುವವರೆಗೂ ಅವರು ಕಾಯಲಿಲ್ಲ. ತಮ್ಮದೇ ಪ್ಲಾನು ಮುಂದಿಟ್ಟರು. ಮಣ್ಣಿನ ದಿಬ್ಬ ಹಾಕಿಕೊಡಿ, ಮನೆ ಮತ್ತು ಕೊಟ್ಟಿಗೆ ಅದರ ಮೇಲೆ ಕಟ್ಟುತ್ತೇವೆ, ದೊಡ್ಡ ನೀರು ಬಂದ ವರ್ಷ ಹುಲ್ಲುಗಾವಲು ಮುಳುಗಲಿ ಅಂದರು. ಸುಮಾರು ಆರು ಮೀಟರ್ ಎತ್ತರದ ಎಂಟು ದಿಬ್ಬ ಎದ್ದವು. ಎಲ್ಲರಿಗೂ ಜಾಗ ಇರಲಿಲ್ಲ, ಎಷ್ಟೋ ಕುಟುಂಬಗಳು ಪರಿಹಾರ ತೆಗೆದುಕೊಂಡು ಬೇರೆ ಕಡೆ ಹೋದವು. ಉತ್ತರದ ಒಡ್ಡನ್ನು ತಗ್ಗಿಸಿದರು. ನೆರೆ ಬಂದಾಗ ನದಿಯ ಮಟ್ಟ 27 ಸೆಂಟಿಮೀಟರ್ ಇಳಿಯುತ್ತದೆ ಅನ್ನುವುದು ಲೆಕ್ಕಾಚಾರ. ಹೊರಗಿನವರಿಗೆ ಇದು ಹೊಸ ಬುದ್ಧಿವಂತಿಕೆ ಅನ್ನಿಸುತ್ತದೆ. ಆದರೆ ಒಡ್ಡು ಕಟ್ಟುವುದನ್ನು ಕಲಿಯುವ ಮೊದಲು ಆ ಕರಾವಳಿಯ ಜನ ಸಾವಿರ ವರ್ಷಕ್ಕೂ ಹೆಚ್ಚು ಕಾಲ ದಿಬ್ಬದ ಮೇಲೇ ಬದುಕಿದವರು. ಉತ್ತರದ ಫ್ರೀಸ್‌ಲಾಂಡ್‌ನಲ್ಲಿ ಹಳೆಯ ದಿಬ್ಬಗಳು ಇವತ್ತಿಗೂ ಇವೆ, ಮೇಲೊಂದು ಚರ್ಚು ಇರುತ್ತದೆ. ಆ ಚಿತ್ರ ಎಲ್ಲರ ಕಣ್ಣಲ್ಲೂ ಇತ್ತು. ಹಾಗಾಗಿ ದಿಬ್ಬ ಅಂದಾಗ ಯಾರೂ ನಗಲಿಲ್ಲ.

ಎರಡನೆಯದು ಹೆಡ್ವಿಗೆ ಪೋಲ್ಡರ್, ನೈಋತ್ಯದ ಝೇಲಾಂಡ್ ಪ್ರಾಂತ್ಯದಲ್ಲಿ. ಬೆಲ್ಜಿಯಂನ ಆಂಟ್‌ವರ್ಪ್ ಬಂದರಿಗೆ ಹೋಗುವ ಹಡಗಿನ ದಾರಿ ಆಳ ಮಾಡಿದ್ದರಿಂದ ಅಳಿವೆ ಪ್ರದೇಶಕ್ಕೆ ಪೆಟ್ಟು ಬಿತ್ತು. ಅದನ್ನು ಸರಿದೂಗಿಸಲು ಸುಮಾರು 300 ಹೆಕ್ಟೇರಿನ ಈ ನೆಲವನ್ನು ಸಮುದ್ರದ ಭರತಕ್ಕೆ ಬಿಟ್ಟುಕೊಡಬೇಕು ಅಂತ 2005ರಲ್ಲಿ ಬೆಲ್ಜಿಯಂ ಕಡೆಯವರ ಜೊತೆ ಒಪ್ಪಂದವಾಯಿತು. ಮುಳುಗುವುದು ಬೆರಳೆಣಿಕೆಯ ಜಮೀನು. ಸಿಟ್ಟು ಮಾತ್ರ ಇಡೀ ಪ್ರಾಂತ್ಯದ್ದು. ಯಾಕೆ? 1953ರ ಜನವರಿ 31ರ ರಾತ್ರಿ ಸಮುದ್ರ ಒಡ್ಡು ಒಡೆದು ಬಂದಾಗ ಸತ್ತ 1,836 ಜನರಲ್ಲಿ ಅರ್ಧದಷ್ಟು ಮಂದಿ ಝೇಲಾಂಡಿನವರು. ಅಜ್ಜ ಅಜ್ಜಿಯನ್ನು ನುಂಗಿದ ನೀರಿಗೆ ನಾವೇ ಬಾಗಿಲು ತೆಗೆಯಬೇಕಾ ಅನ್ನುವುದು ಅವರ ಪ್ರಶ್ನೆ. ಮಂತ್ರಿಮಂಡಲಗಳು ಬದಲಾದವು, ತೀರ್ಮಾನ ಹಿಂದೆ ಮುಂದೆ ಹೋಯಿತು, ಕೋರ್ಟಿಗೂ ಹೋಯಿತು. ಕೊನೆಗೆ ಒಡ್ಡು ತೆರೆದದ್ದು 2022ರಲ್ಲಿ.

ಎರಡೂ ಪೂರ್ತಿ ಸಮ ಅಲ್ಲ, ಒಪ್ಪುತ್ತೇನೆ. ಒಂದು ಕಡೆ ಜನರ ರಕ್ಷಣೆ, ಇನ್ನೊಂದು ಕಡೆ ಬಂದರಿನ ಸಲುವಾಗಿ ಪ್ರಕೃತಿಗೆ ಕೊಟ್ಟ ಪರಿಹಾರ. ಆದರೂ ತಲಾ ಆದಾಯದ ಅಂಕಣ ನಿಮಗೆ ಇಲ್ಲಿ ಏನೂ ಹೇಳುವುದಿಲ್ಲ.

ಒಂದು ಮಾತು ಸೇರಿಸಿಬಿಡುತ್ತೇನೆ. ಈ ಮಂಡಳಿ ಪದ್ಧತಿಗೆ ಅಡ್ಡ ಪರಿಣಾಮವೂ ಇದೆ. ನೀರನ್ನು ಮಂಡಳಿ ನೋಡಿಕೊಳ್ಳುತ್ತದೆ ಅಂತ ಜನ ನಿಶ್ಚಿಂತೆಯಾಗಿದ್ದಾರೆ. ನೆರೆ ಬಂದರೆ ಮನೆಯಲ್ಲಿ ಏನು ಮಾಡಬೇಕು, ಯಾವ ದಾರಿ ಹಿಡಿಯಬೇಕು ಅಂತ ನನ್ನ ಜೊತೆ ಕೆಲಸ ಮಾಡುತ್ತಿದ್ದ ಎಂಜಿನಿಯರುಗಳಿಗೇ ಗೊತ್ತಿರಲಿಲ್ಲ. ಗಟ್ಟಿ ಸಂಸ್ಥೆ ಇದ್ದ ಕಡೆ ಮನೆಮಂದಿಯ ತಯಾರಿ ಸಡಿಲ. ಇದನ್ನೂ ಬರೆಯಿರಿ.

ಮೂರುಬಾವುಟ

ಬಂಗಾಳ ಕೊಲ್ಲಿಯ ವಿಷಯ ನಾನು ಹೇಳುತ್ತೇನೆ. ಆಶ್ರಯ ಕಟ್ಟಡಗಳ ಮೇಲ್ವಿಚಾರಣೆ ನನ್ನ ಕೆಲಸವಾಗಿತ್ತು.

ಬಾಂಗ್ಲಾದೇಶದಲ್ಲಿ ಚಂಡಮಾರುತ ಬರೀ ಹವಾಮಾನದ ಸುದ್ದಿಯಲ್ಲ, ದೇಶ ಹುಟ್ಟಿದ ಕಥೆಯ ಭಾಗ. 1970ರ ನವೆಂಬರ್‌ನಲ್ಲಿ ಭೋಲಾ ಬಂತು. ಪಶ್ಚಿಮ ಪಾಕಿಸ್ತಾನದಲ್ಲಿ ಕೂತ ಸರ್ಕಾರ ತಡಮಾಡಿತು. ಮುಂದಿನ ತಿಂಗಳೇ ಚುನಾವಣೆ. ಮರುವರ್ಷ ಯುದ್ಧ, ಹೊಸ ದೇಶ. 1972ರಲ್ಲೇ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಶುರುವಾಯಿತು. ಹಾಗಾಗಿ ಅಲ್ಲಿ ಯಾವ ಸರ್ಕಾರವೂ ಇದನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಮ್ಯಾನ್ಮಾರ್‌ನಲ್ಲಿ 2008ರಲ್ಲಿ ಇದ್ದದ್ದು ಸೇನಾ ಆಡಳಿತ. ಹೊರಗಿನ ನೆರವು ಒಳಗೆ ಬಿಡಲು ಮೀನಮೇಷ ಎಣಿಸಿತು. ನರ್ಗಿಸ್ ಬಡಿದು ಒಂದು ವಾರವಷ್ಟೇ ಆಗಿತ್ತು, ದೇಶದ ಬಹುಭಾಗದಲ್ಲಿ ಸಂವಿಧಾನದ ಜನಮತಗಣನೆಯನ್ನು ನಿಲ್ಲಿಸದೆ ನಡೆಸಿದರು.

ಬಾಂಗ್ಲಾದ ಹಳ್ಳಿಯಲ್ಲಿ ಎಚ್ಚರಿಕೆ ತಲುಪುವುದು ಹೀಗೆ. ಬಿದಿರು ಗಳಕ್ಕೆ ಬಾವುಟ ಏರಿಸುತ್ತಾರೆ. ಅಪಾಯ ಹೆಚ್ಚಿದಂತೆ ಒಂದು, ಎರಡು, ಮೂರು. ಸ್ವಯಂಸೇವಕರು ಮೆಗಾಫೋನ್ ಹಿಡಿದು, ಕೈಯಲ್ಲಿ ತಿರುಗಿಸುವ ಸೈರನ್ ಊದುತ್ತಾ ಓಡಾಡುತ್ತಾರೆ. ಮಸೀದಿಯ ಮೈಕಿನಲ್ಲೂ ಕೂಗುತ್ತಾರೆ. ಕೂಗುವವನು ನೆರೆಮನೆಯವನೇ. ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ ಅಂತ ಅವನಿಗೆ ಗೊತ್ತು.

ಆದರೆ ಸಂಸ್ಕೃತಿ ಅಂದ ಕೂಡಲೇ ಅದು ಒಳ್ಳೆಯದೇ ಅಂತ ಅಂದುಕೊಳ್ಳಬೇಡಿ. 1991ರ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಸತ್ತರು. 20ರಿಂದ 44 ವಯಸ್ಸಿನ ಹೆಂಗಸರಲ್ಲಿ ಸಾವಿರಕ್ಕೆ 71 ಮಂದಿ ಹೋದರು. ಅದೇ ವಯಸ್ಸಿನ ಗಂಡಸರಲ್ಲಿ ಸಾವಿರಕ್ಕೆ 15. ಗಂಡ ಮನೆಯಲ್ಲಿ ಇಲ್ಲ, ಅವನನ್ನು ಕೇಳದೆ ಹೊರಡುವ ಹಾಗಿಲ್ಲ. ಆಶ್ರಯ ಕಟ್ಟಡದಲ್ಲಿ ಪರ ಗಂಡಸರ ನಡುವೆ ಕೂರಬೇಕು. ಅಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಇಲ್ಲ. ಮಕ್ಕಳು ಸೊಂಟದಲ್ಲಿ, ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುವ ಸೀರೆ. ಇವೆಲ್ಲ ಸೇರಿದವು. ಇದನ್ನು "ಅವರ ಪದ್ಧತಿ ಹಾಗೆ" ಅಂತ ಬಿಟ್ಟಿದ್ದರೆ ಇವತ್ತಿಗೂ ಅದೇ ಲೆಕ್ಕ ಇರುತ್ತಿತ್ತು. ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಬಂದವು. ದನಕರು ಬಿಟ್ಟು ಬರಲು ಒಪ್ಪದವರಿಗಾಗಿ ಎತ್ತರದ ಮಣ್ಣಿನ ದಿಬ್ಬಗಳಿವೆ. ಈಗ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಹೆಂಗಸರು. ಹೆಂಗಸು ಬಂದು ಬಾಗಿಲು ತಟ್ಟಿದರೆ ಒಳಗಿನ ಹೆಂಗಸು ಹೊರಗೆ ಬರುತ್ತಾಳೆ. ಅಷ್ಟೇ ವಿಷಯ, ಆದರೆ ಅಲ್ಲಿಗೆ ಬರಲು ದಶಕಗಳು ಬೇಕಾದವು.

ಮಳೆಲೆಕ್ಕ

ಇಬ್ಬರಿಗೂ ತುಂಬಾ ಧನ್ಯವಾದ. ಸಾವಿರಕ್ಕೆ 71 ಅನ್ನುವ ಅಂಕಿ ನೋಡಿದರೆ ಗೈಡ್ ಸುಮ್ಮನಾಗಬಹುದು, ಅಲ್ವಾ? ಅಳತೆಗೆ ಸಿಕ್ಕಿದ ಸಂಸ್ಕೃತಿ!

ಹಳೇಒಡ್ಡು ಸರ್, ಒಂದು ಸಂದೇಹ. ನೀವು ಹೇಳಿದ್ದು ಜನ ತಾವೇ ಕಟ್ಟಿಕೊಂಡ ಸಂಸ್ಥೆಗಳ ಕಥೆ. ಅಂಥ ಹಿನ್ನೆಲೆ ಇಲ್ಲದ ಕಡೆ, ಸರ್ಕಾರದ ಮೇಲೆ ನಂಬಿಕೆಯೇ ಇಲ್ಲದ ಕಡೆ ಏನಾಗುತ್ತದೆ? ಶ್ರೀಮಂತ ದೇಶದ್ದೇ ಉದಾಹರಣೆ ಇದ್ದರೆ ಅಡ್ಡಮಾತು ಅವರಿಗೂ ಉತ್ತರ ಸಿಕ್ಕಂತಾಗುತ್ತದೆ :)

ಹಳೇಒಡ್ಡು

ಇದೆ. ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್.

2005ರ ಕತ್ರಿನಾ ಚಂಡಮಾರುತದಲ್ಲಿ ಒಡ್ಡು, ಗೋಡೆಗಳು ಒಡೆದು ನಗರದ ಸುಮಾರು ಶೇಕಡಾ 80 ಭಾಗ ಮುಳುಗಿತು. ಕೆಲವು ತಿಂಗಳ ನಂತರ, 2006ರ ಜನವರಿಯಲ್ಲಿ, ನಗರವನ್ನು ಮತ್ತೆ ಕಟ್ಟುವ ಸಮಿತಿಯ ನಕ್ಷೆ ಪತ್ರಿಕೆಯಲ್ಲಿ ಬಂತು. ತಗ್ಗಿನ ಕೆಲವು ಬಡಾವಣೆಗಳ ಮೇಲೆ ಹಸಿರು ಚುಕ್ಕಿ. ಇಲ್ಲಿ ಮುಂದೆ ಉದ್ಯಾನ ಆಗಬಹುದು ಅನ್ನುವುದು ಅದರ ಅರ್ಥ. ಎಂಜಿನಿಯರಾಗಿ ಕೇಳಿದರೆ ಆ ನಕ್ಷೆಯ ಹಿಂದಿನ ಲೆಕ್ಕ ತಪ್ಪಲ್ಲ. ತಗ್ಗು ನೆಲ, ಕುಸಿಯುತ್ತಿರುವ ನೆಲ, ಏರುತ್ತಿರುವ ಸಮುದ್ರ. ಡಚ್ಚರು ನದಿಗೆ ಜಾಗ ಬಿಟ್ಟದ್ದಕ್ಕೂ ಇದಕ್ಕೂ ಕಾಗದದ ಮೇಲೆ ಹೆಚ್ಚು ದೂರವಿಲ್ಲ. ಆದರೆ ಊರು ಹೊತ್ತಿಕೊಂಡಿತು. ಜನ ಇನ್ನೂ ಬೇರೆ ಬೇರೆ ರಾಜ್ಯಗಳಲ್ಲಿ ಚದುರಿಹೋಗಿದ್ದರು, ತಮ್ಮ ಮನೆಯ ಮೇಲೆ ಚುಕ್ಕಿ ಬಿದ್ದದ್ದು ಪೇಪರು ನೋಡಿ ತಿಳಿಯಿತು. ಯೋಜನೆ ಮೂಲೆ ಸೇರಿತು. ಚುಕ್ಕಿ ಬಿದ್ದ ಬ್ರಾಡ್‌ಮೋರ್ ಬಡಾವಣೆಯವರು ಸಂಘ ಕಟ್ಟಿಕೊಂಡು, ತಾವೇ ಯೋಜನೆ ಬರೆದು, ಹಟಕ್ಕೆ ಬಿದ್ದು ಮನೆಗಳನ್ನು ಎತ್ತಿ ನಿಲ್ಲಿಸಿದರು.

ಈ ಸಿಟ್ಟಿನ ಬೇರು ಹುಡುಕಿಕೊಂಡು ಹಿಂದೆ ಹೋಗಿ. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿತು. ನಗರವನ್ನು ಉಳಿಸಬೇಕು ಅಂತ ನಗರದ ದೊಡ್ಡ ಬ್ಯಾಂಕು, ವ್ಯಾಪಾರದ ಮಂದಿ ಒತ್ತಾಯ ಮಾಡಿದರು. ಏಪ್ರಿಲ್ 29ರಂದು ಕೆಳಗಿನ ಕರ್ನಾರ್ವನ್ ಅನ್ನುವಲ್ಲಿ ಒಡ್ಡಿಗೆ ಡೈನಮೈಟ್ ಇಟ್ಟರು. ಸೇಂಟ್ ಬರ್ನಾರ್ಡ್, ಪ್ಲಾಕ್‌ಮಿನ್ಸ್ ಎಂಬ ಎರಡು ಜಿಲ್ಲೆಗಳ ಮೇಲೆ ನೀರು ಬಿಟ್ಟರು. ಸಾವಿರಾರು ಜನ, ಹೆಚ್ಚಿನವರು ಬೇಟೆ, ಮೀನುಗಾರಿಕೆ ನಂಬಿದವರು, ಮನೆ ಕಳೆದುಕೊಂಡರು. ಪೂರ್ತಿ ಪರಿಹಾರ ಕೊಡುತ್ತೇವೆ ಅಂತ ಮೊದಲೇ ಮಾತು ಕೊಟ್ಟಿದ್ದರು. ಬಹಳ ಜನರ ಕೈಗೆ ಬಂದದ್ದು ಬಿಡಿಗಾಸು, ಎಷ್ಟೋ ಜನರಿಗೆ ಅದೂ ಇಲ್ಲ. ಇನ್ನೂ ಹೊಟ್ಟೆ ಉರಿಯುವ ವಿಷಯ ಅಂದರೆ, ಮೇಲಿನ ಕಡೆ ಒಡ್ಡುಗಳು ತಾವಾಗಿಯೇ ಒಡೆದು ನದಿ ಇಳಿಯಿತು. ಸಿಡಿಸುವ ಅಗತ್ಯವೇ ಇರಲಿಲ್ಲ.

1965ರಲ್ಲಿ ಬೆಟ್ಸಿ ಚಂಡಮಾರುತ ಬಂದು ಕಪ್ಪು ಜನ ಹೆಚ್ಚಾಗಿದ್ದ ಲೋಯರ್ ನೈಂತ್ ವಾರ್ಡ್ ಮುಳುಗಿದಾಗ, ಮತ್ತೆ ಬೇಕಂತಲೇ ಒಡೆದರು ಅಂತ ಮಾತು ಹಬ್ಬಿತು. ಕತ್ರಿನಾ ಬಂದಾಗಲೂ ಅದೇ ಮಾತು. ಎರಡು ಸಲವೂ ಅದಕ್ಕೆ ಪುರಾವೆ ಇಲ್ಲ. ಕತ್ರಿನಾದಲ್ಲಿ ಆದದ್ದು ವಿನ್ಯಾಸ ಮತ್ತು ಕಟ್ಟಡದ ಸೋಲು, ತನಿಖೆಗಳು ಅದನ್ನೇ ಹೇಳಿವೆ. ಆದರೆ ಒಂದು ಸಲ ನಿಜವಾಗಿಯೂ ಸಿಡಿಸಿದ್ದರಲ್ಲ! ಆ ಜನರಿಗೆ "ವಿಜ್ಞಾನ ಹೇಳುತ್ತದೆ, ಜಾಗ ಖಾಲಿ ಮಾಡಿ" ಅಂದರೆ ಏನು ಕೇಳಿಸುತ್ತದೆ ಅಂತ ಯೋಚಿಸಿ. ಅವರು ಹವಾಮಾನ ವಿಜ್ಞಾನವನ್ನು ನಂಬುವುದಿಲ್ಲ ಅಂತ ಸಮೀಕ್ಷೆಯಲ್ಲಿ ಟಿಕ್ ಹಾಕುವುದು ಸುಲಭ. ಅವರಿಗೆ ನಂಬಿಕೆ ಇಲ್ಲದ್ದು ನಕ್ಷೆ ಬರೆಯುವವರ ಮೇಲೆ.

ಅದೇ ಲೂಸಿಯಾನಾದಲ್ಲಿ ಐಲ್ ಡಿ ಜೀನ್ ಚಾರ್ಲ್ಸ್ ಅಂತ ಒಂದು ದ್ವೀಪ. 1955ರಿಂದ ಈಚೆಗೆ ಅದರ ನೆಲದಲ್ಲಿ ಶೇಕಡಾ 98 ಭಾಗ ನೀರುಪಾಲಾಗಿದೆ. ಅಲ್ಲಿಯ ಮೂಲನಿವಾಸಿಗಳನ್ನು ಬೇರೆ ಕಡೆ ಸಾಗಿಸಲು 2016ರಲ್ಲಿ ಫೆಡರಲ್ ಸರ್ಕಾರ 4.8 ಕೋಟಿ ಡಾಲರ್ ಕೊಟ್ಟಿತು. ದುಡ್ಡು ಇತ್ತು, ನೋಡಿ. ಆದರೂ ಮುಂದಿನ ವರ್ಷಗಳೆಲ್ಲ ಯೋಜನೆ ಯಾರದ್ದು, ತೀರ್ಮಾನ ಯಾರದ್ದು ಅಂತ ಬುಡಕಟ್ಟಿನ ಮುಖಂಡರಿಗೂ ರಾಜ್ಯಕ್ಕೂ ತಿಕ್ಕಾಟ. ಹೊಸ ಮನೆಗಳಿಗೆ ಜನ ಹೋದದ್ದು 2022ರಲ್ಲಿ. ಅವರ ಹಿರಿಯರು ಆ ದ್ವೀಪ ಸೇರಿದ್ದೇ 19ನೇ ಶತಮಾನದಲ್ಲಿ ಸರ್ಕಾರ ಮೂಲನಿವಾಸಿಗಳನ್ನು ಎತ್ತಂಗಡಿ ಮಾಡಿಸುತ್ತಿದ್ದಾಗ ತಪ್ಪಿಸಿಕೊಂಡು.

ಹುಲ್ಲುಬೆಂಕಿ

ನೀರಿನವರೇ ಮಾತಾಡುತ್ತಿದ್ದೀರಿ, ಬೆಂಕಿಯವಳು ಒಂದು ಸೇರಿಸುತ್ತೇನೆ. ಉಪಗ್ರಹ ಚಿತ್ರದಲ್ಲಿ ಸುಟ್ಟ ನೆಲ ಗುರುತಿಸುವುದು ನನ್ನ ಕೆಲಸ.

ಆಸ್ಟ್ರೇಲಿಯಾದ ಉತ್ತರದಲ್ಲಿ, ಪಶ್ಚಿಮ ಆರ್ನೆಮ್ ಲ್ಯಾಂಡ್‌ನ ಹಳೆಯ ಚಿತ್ರ ತೆರೆದರೆ ಒಣಗಾಲದ ಕೊನೆಯಲ್ಲಿ ಅಗಾಧ ಕಪ್ಪು ಕಲೆಗಳು. ಮೂಲನಿವಾಸಿಗಳು 20ನೇ ಶತಮಾನದಲ್ಲಿ ಮಿಷನ್, ಪಟ್ಟಣ ಸೇರಿದರು, ಕಾಡಿನಲ್ಲಿ ನಡೆದಾಡಿಕೊಂಡು ಅಲ್ಲಲ್ಲಿ ಬೆಂಕಿ ಹಾಕುವವರು ಇಲ್ಲವಾದರು. ಹುಲ್ಲು ಬೆಳೆದು ಒಣಗಿ, ಒಮ್ಮೆ ಹತ್ತಿಕೊಂಡರೆ ನಿಲ್ಲದಂತಾಯಿತು. 2006ರಿಂದ ಅಲ್ಲಿ ಒಂದು ಯೋಜನೆ ನಡೆಯುತ್ತಿದೆ. ಹಿರಿಯರು ಜಾಗ ಹೇಳುತ್ತಾರೆ, ರೇಂಜರುಗಳು ಒಣಗಾಲದ ಶುರುವಿನಲ್ಲೇ, ಹುಲ್ಲಿನಲ್ಲಿ ಇನ್ನೂ ಪಸೆ ಇರುವಾಗ, ಸಣ್ಣ ಸಣ್ಣ ಬೆಂಕಿ ಹಾಕುತ್ತಾರೆ. ಕೆಲವು ಕಡೆ ನಡೆದು, ಕೆಲವು ಕಡೆ ಹೆಲಿಕಾಪ್ಟರಿನಿಂದ. ರಾತ್ರಿ ಇಬ್ಬನಿಗೆ ಅದು ತಾನೇ ಆರುತ್ತದೆ. ಈಗಿನ ಚಿತ್ರದಲ್ಲಿ ಚೌಕಾಬಾರ ಮನೆಯಂತೆ ತುಂಡು ತುಂಡು ಕಾಣುತ್ತದೆ. ಒಣಗಾಲದ ಕೊನೆಯ ದೊಡ್ಡ ಬೆಂಕಿಗೆ ದಾರಿಯೇ ಸಿಗುವುದಿಲ್ಲ. ಹುಲ್ಲು ಉರಿದಾಗ ಬರುವ ಮೀಥೇನ್, ನೈಟ್ರಸ್ ಆಕ್ಸೈಡ್ ಲೆಕ್ಕ ಹಾಕಿದರೆ ಮೊದಲ ಏಳು ವರ್ಷಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದಿದೆ. ಆ ಉಳಿತಾಯಕ್ಕೆ ದುಡ್ಡೂ ಬರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇದೇ ಜ್ಞಾನ ಇತ್ತು. ಮೂಲನಿವಾಸಿಗಳ ಬಗ್ಗೆ ಮಾಡಿದ 1850ರ ಒಂದು ಕಾನೂನು ಹುಲ್ಲುಗಾವಲಿಗೆ ಬೆಂಕಿ ಹಾಕುವವರಿಗೆ ಶಿಕ್ಷೆ ಅಂದಿತು. 1935ರಿಂದ 1970ರ ದಶಕದವರೆಗೆ ಅಮೆರಿಕದ ಅರಣ್ಯ ಇಲಾಖೆಯ ನಿಯಮ: ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕು. ದಶಕಗಳ ಕಾಲ ಸೌದೆ ಪೇರಿಸಿದ ಹಾಗಾಯಿತು. ಹವಾಮಾನ ಬಿಸಿಯಾದದ್ದು ಅದರ ಮೇಲೆ. ಈಗ ಅಲ್ಲಿಯ ಮೂಲನಿವಾಸಿಗಳಾದ ಕರೂಕ್, ಯುರೋಕ್ ಜನರನ್ನು ಕರೆದು ಹೇಗೆ ಹಾಕುತ್ತಿದ್ದಿರಿ ಅಂತ ಕೇಳುತ್ತಿದ್ದಾರೆ. ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಅಡ್ಡಮಾತು

ಸರಿ ಸರಿ, ನೆದರ್‌ಲೆಂಡ್ಸ್ ಉದಾಹರಣೆ ವಾಪಸ್ ತೆಗೆದುಕೊಂಡೆ. ಆದರೆ ದುಡ್ಡಿನ ಮಾತು, ಅದರಲ್ಲಿ ಯಾರಿಗೆ ಪಾಲು ಅನ್ನುವ ವಿಷಯ ಬಿಡಲ್ಲ. ಗಾಳಿ ವಿದ್ಯುತ್ ನೋಡಿ. ಡೆನ್ಮಾರ್ಕಿನ ಕೋಪನ್‌ಹೇಗನ್ ಪಕ್ಕದ ಸಮುದ್ರದಲ್ಲಿ 2000ದಲ್ಲಿ ನಿಂತ ಮಿಡಲ್‌ಗ್ರುಂಡೆನ್‌ನಲ್ಲಿ 20 ಗಾಳಿಯಂತ್ರ. ಅರ್ಧ ಒಡೆತನ 8,000ಕ್ಕೂ ಹೆಚ್ಚು ಸದಸ್ಯರ ಸಹಕಾರಿಯದ್ದು. ಕಿಟಕಿಯಿಂದ ಕಂಡರೆ ಬೇಸರವಿಲ್ಲ, ಅದರಲ್ಲಿ ತಮ್ಮ ಷೇರಿದೆ. ಮೆಕ್ಸಿಕೋದ ತೆಹುಆಂಟೆಪೆಕ್ ಭೂಸಂಧಿಯಲ್ಲಿ ಅದಕ್ಕಿಂತ ಜೋರು ಗಾಳಿ. ಅಲ್ಲಿ ಸಮುದಾಯದ ಜಮೀನು, ಮೀನು ಹಿಡಿಯುವ ಮರಳದಂಡೆಯ ಮೇಲೆ 132 ಯಂತ್ರ ನಿಲ್ಲಿಸಲು ಹೊರಟರು. ಅಲ್ಲಿಯ ಮೂಲನಿವಾಸಿಗಳಾದ ಇಕೂಟ್ಸ್ ಮೀನುಗಾರರು ದಾರಿ ಕಟ್ಟಿದರು, ಕೋರ್ಟಿಗೂ ಹೋದರು. ಆ ಜಾಗ ಕೈಬಿಡಬೇಕಾಯಿತು. ಪಾಲು ಸಿಕ್ಕವರು ಒಪ್ಪಿದರು, ಸಿಗದವರು ಬೀದಿಗಿಳಿದರು. ಇದಕ್ಕೆ ಇಷ್ಟೊಂದು ಇತಿಹಾಸ ಬೇಕಾ?

ಹಳೇಒಡ್ಡು

ಬೇಕು. ಡೆನ್ಮಾರ್ಕಿನವರಿಗೆ ಸಹಕಾರಿ ಅನ್ನುವುದು ಆಕಾಶದಿಂದ ಬೀಳಲಿಲ್ಲ. 1882ರಲ್ಲೇ ರೈತರು ಸೇರಿ ಸಹಕಾರಿ ಡೈರಿ ಮಾಡಿದ ದೇಶ ಅದು. 1973ರ ತೈಲ ಬಿಕ್ಕಟ್ಟು ಬಂದಾಗ ಶೇಕಡಾ 90ಕ್ಕೂ ಹೆಚ್ಚು ಇಂಧನ ಆಮದು ಎಣ್ಣೆಯೇ. ಪೆಟ್ಟು ಬಿತ್ತು. ಯಂತ್ರ ಕೊಳ್ಳಲು ಹತ್ತು ಮನೆಯವರು ದುಡ್ಡು ಹಾಕುವುದು ಹೇಗೆ, ಲೆಕ್ಕ ಇಡುವುದು ಹೇಗೆ ಅಂತ ಅಪ್ಪ, ಅಜ್ಜನ ಕಾಲದಿಂದ ಗೊತ್ತಿತ್ತು. ಷೇರು ಕೊಟ್ಟರೆ ಎಲ್ಲಾ ಕಡೆ ಕೆಲಸ ಆಗುತ್ತದೆ ಅಂದುಕೊಂಡರೆ ನಾರ್ವೆಯ ಫೋಸೆನ್ ನೋಡಿ. ಹಿಮಸಾರಂಗ ಮೇಯಿಸುವ ಸಾಮಿ ಜನರ ಚಳಿಗಾಲದ ಹುಲ್ಲುಗಾವಲಿನಲ್ಲಿ ಗಾಳಿಯಂತ್ರ ನಿಂತವು. 2021ರ ಅಕ್ಟೋಬರ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಪರವಾನಗಿಯೇ ಅವರ ಸಾಂಸ್ಕೃತಿಕ ಹಕ್ಕಿಗೆ ವಿರುದ್ಧ ಅಂದಿತು. ಷೇರು ಸರ್ಟಿಫಿಕೇಟು ಹಿಡಿದು ಸಾರಂಗ ಮೇಯುವುದಿಲ್ಲ.

ಮಳೆಲೆಕ್ಕ

ಸರ್, ಕೊನೆಯ ಪ್ರಶ್ನೆ. ಒಂದು ಅಧ್ಯಾಯದಲ್ಲಿ ಇಷ್ಟೆಲ್ಲ ಹಿಡಿಸಲ್ಲ. ಗೈಡ್ ಒಪ್ಪುವ ಹಾಗೆ ಎಲ್ಲಿ ಶುರು ಮಾಡಲಿ?

ಹಳೇಒಡ್ಡು

ಹತ್ತು ದೇಶ ಸುತ್ತಬೇಡಿ. ಬೆಂಕಿ, ಗಾಳಿ ಬಿಟ್ಟುಬಿಡಿ, ನಿಮ್ಮದು ಪ್ರವಾಹ. ಒಂದು ಜೋಡಿ ಹಿಡಿಯಿರಿ. ಓವರ್‌ಡೀಪ್ಸೆ ಮತ್ತು ಬ್ರಾಡ್‌ಮೋರ್ ನನ್ನ ಆಯ್ಕೆ. ಎರಡೂ ಶ್ರೀಮಂತ ದೇಶ, ಎರಡೂ ಕಡೆ ಜನ ಸಂಘಟಿತರಾದರು. ಒಂದು ಕಡೆ ನೆಲ ಬಿಟ್ಟುಕೊಡಲು, ಇನ್ನೊಂದು ಕಡೆ ಬಿಡದಿರಲು. ಗೈಡ್ ಹೇಳಿದ ಅಂಕಣಗಳನ್ನು ಮೊದಲು ತುಂಬಿ, ಅವು ಎಲ್ಲಿ ಮಾತು ನಿಲ್ಲಿಸುತ್ತವೆ ಅಂತ ತೋರಿಸಿ. ಆಮೇಲೆ ಹಳೆಯ ಕಡತಕ್ಕೆ ಹೋಗಿ. ಹಿಂದಿನ ನೆರೆಯಲ್ಲಿ ಯಾರ ನೆಲದ ಮೇಲೆ ನೀರು ಬಿಟ್ಟರು, ಕೊಟ್ಟ ಮಾತಿನ ದುಡ್ಡು ಎಷ್ಟು ಕೈ ಸೇರಿತು, ರಿಪೇರಿ ಖರ್ಚು ಯಾರ ತಲೆ ಮೇಲೆ ಬಿತ್ತು, ಯೋಜನೆಯ ಮೊದಲ ಸಭೆಯಲ್ಲಿ ಯಾರು ಕೂತಿದ್ದರು. ಇವೆಲ್ಲ ತಾರೀಖು, ಮೊತ್ತ ಸಮೇತ ಸಿಗುವ ಸಂಗತಿಗಳು. ಮೂರುಬಾವುಟ ಅವರನ್ನು ಕೇಳಿ 1991ರ ಅಂಕಿಯನ್ನು ಮುನ್ನುಡಿಯಲ್ಲಿ ಇಡಿ, ಅದಕ್ಕಿಂತ ಒಳ್ಳೆಯ ಆರಂಭ ಸಿಗಲ್ಲ.

ಓವರ್‌ಡೀಪ್ಸೆ ಬಗ್ಗೆ ಇಂಗ್ಲಿಷಿನಲ್ಲೇ ಬೇಕಾದಷ್ಟು ಸಿಗುತ್ತದೆ. ಆದರೆ ರೈತರ ಸಂಘದವರ ಮಾತು ಹೆಚ್ಚಾಗಿ ಡಚ್ಚಿನಲ್ಲಿದೆ. ಯಂತ್ರದ ಅನುವಾದ ನಂಬಿ ಭೂಸ್ವಾಧೀನದ ಭಾಗ ಬರೆಯಬೇಡಿ, ಅಲ್ಲಿ ಎಡವಟ್ಟಾಗುತ್ತದೆ. ಪುಟ ಇಲ್ಲಿ ಹಾಕಿ, ಓದಿ ಹೇಳುತ್ತೇನೆ. ವಾರದಲ್ಲಿ ಒಂದೆರಡು ಪುಟ ಆದರೆ ತೊಂದರೆ ಇಲ್ಲ, ಕಣ್ಣು ಮೊದಲಿನ ಹಾಗಿಲ್ಲ.